ಗಾಳಿಯಂತ್ರದ ಎರಡು ಗಡಿ

ಹೆದ್ದಾರಿಯಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದತ್ತ ಬರುವಾಗ ಗುಡ್ಡಸಾಲಿನ ನೆತ್ತಿಯಲ್ಲಿ ಗಾಳಿಯಂತ್ರಗಳು ಕಾಣುತ್ತವೆ. ಜೋಗಿಮಟ್ಟಿಯಲ್ಲಷ್ಟೇ ಅಲ್ಲ, ಹೊಳಲ್ಕೆರೆ, ಹೊಸದುರ್ಗದ ಬೆಟ್ಟಗಳ ಮೇಲೂ ಮೂರು ರೆಕ್ಕೆಯ ಈ ‘ಫ್ಯಾನು’ಗಳಿವೆ. ಆಷಾಢದ ಗಾಳಿಗೆ ಬಿಡುವಿಲ್ಲದೆ ತಿರುಗುವ ಇವು ಕೆಲವು ದಿನ ಅಲುಗದೆ ನಿಲ್ಲುವುದೂ ಉಂಟು. ನಿಂತದ್ದೆಲ್ಲ ಕೆಟ್ಟದ್ದಲ್ಲ. ತಿರುಗುತ್ತಿರುವುದೆಲ್ಲ ಕರೆಂಟು ಕೊಡುತ್ತಿದೆ ಎಂದೂ ಅಲ್ಲ. ಅದನ್ನು ನಿರ್ಧರಿಸುವುದು ಶಾಲೆಯಲ್ಲಿ ಕಲಿತ ಅಸಮತೆಯ ಲೆಕ್ಕ.

ದೊಡ್ಡ ಗಾಳಿಯಂತ್ರ ಸಾಮಾನ್ಯವಾಗಿ ಸೆಕೆಂಡಿಗೆ 3–4 ಮೀಟರ್ ವೇಗದ ಗಾಳಿ ಸಿಕ್ಕಾಗ ವಿದ್ಯುತ್ ಕೊಡಲು ತೊಡಗುತ್ತದೆ. ಹಲವು ಮಾದರಿಗಳಲ್ಲಿ ವೇಗ 25 ಮೀಟರ್ ದಾಟಿದರೆ ಯಂತ್ರ ತಾನೇ ನಿಲ್ಲುತ್ತದೆ. ಗಾಳಿಯ ವೇಗವನ್ನು ‘ವ’ ಎನ್ನೋಣ. ಕೆಳಗಿನ ಗಡಿ 4 ಎಂದುಕೊಂಡರೆ, ಕೆಲಸದ ನಿಯಮ ಇಷ್ಟೇ:

4 ≤ ವ ≤ 25

ಸರಳ ಸಮೀಕರಣಕ್ಕೆ ಒಂದು ಉತ್ತರ ಸಾಕು. ಇಲ್ಲಿ 4ರಿಂದ 25ರವರೆಗಿನ ಪ್ರತಿ ವೇಗವೂ ಉತ್ತರವೇ. ಸಂಖ್ಯಾರೇಖೆಯ ಮೇಲೆ 4 ಮತ್ತು 25ರಲ್ಲಿ ತುಂಬಿದ ಚುಕ್ಕೆ ಇಟ್ಟು, ನಡುವಿನ ಗೆರೆಯನ್ನು ದಪ್ಪ ಮಾಡಿದರೆ ನಕ್ಷೆ ಮುಗಿಯಿತು. ನಿಲ್ಲುವ ನಿಯಮ ವ > 25. ಅದಕ್ಕೆ 25ರಲ್ಲಿ ಟೊಳ್ಳು ಚುಕ್ಕೆ, ಅಲ್ಲಿಂದ ಬಲಕ್ಕೆ ಬಾಣ. ಸರಿಯಾಗಿ 25 ಇದ್ದರೆ ಓಡಬೇಕೋ ನಿಲ್ಲಬೇಕೋ ಎಂಬ ಪ್ರಶ್ನೆಗೆ ಆ ಚುಕ್ಕೆಯೇ ಉತ್ತರ.

ಮೇಲಿನ ಗಡಿ ಏಕೆ? ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಯಂತ್ರ ತನ್ನ ಪೂರ್ಣ ಸಾಮರ್ಥ್ಯ ಮುಟ್ಟಿದ ಮೇಲೆ ರೆಕ್ಕೆಗಳು ತುಸು ಹೊರಳಿ, ಹೆಚ್ಚಿನ ಗಾಳಿಯನ್ನು ಹಿಡಿಯದೆ ಬಿಟ್ಟುಬಿಡುತ್ತವೆ. 25 ದಾಟಿದರೆ ಪೂರ್ತಿ ಹೊರಳಿ, ಗಾಳಿಗೆ ಅಂಚನ್ನಷ್ಟೇ ಒಡ್ಡುತ್ತವೆ. ಇಲ್ಲದಿದ್ದರೆ ರೆಕ್ಕೆಗೂ ಕಂಬಕ್ಕೂ ಅಪಾಯ.

ನಿಂತ ಯಂತ್ರ ಮತ್ತೆ ಯಾವಾಗ ಹೊರಡುತ್ತದೆ? ಗಾಳಿ 20 ಅಥವಾ ಅದಕ್ಕಿಂತ ಕೆಳಗಿಳಿದ ಮೇಲೆ ಎಂದುಕೊಳ್ಳೋಣ. ಈಗ ವೇಗ 28, ನಿಮಿಷಕ್ಕೆ 2ರಂತೆ ಇಳಿಯುತ್ತಿದೆ. ‘ನಿ’ ನಿಮಿಷಗಳ ಬಳಿಕ:

28 − 2ನಿ ≤ 20
−2ನಿ ≤ −8
ನಿ ≥ 4

ಋಣಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆ ತಿರುಗುತ್ತದೆ. ಮಕ್ಕಳು ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಮರೆಯುತ್ತಾರೆ. ಬಾಯಿಪಾಠದ ಅಗತ್ಯವೇ ಇಲ್ಲ: ವೇಗ ಕಡಿಮೆಯಾಗಬೇಕಾದರೆ ಹೊತ್ತು ಹೆಚ್ಚಾಗಲೇಬೇಕು. ಒಂದು ಕಡೆ ‘ಕಡಿಮೆ’ ಎಂದರೆ ಇನ್ನೊಂದು ಕಡೆ ‘ಹೆಚ್ಚು’ ಎಂದೇ ಬರಬೇಕು. ಅನುಮಾನವಿದ್ದರೆ 5 ನಿಮಿಷ ಹಾಕಿ ನೋಡಿ: 28 − 10 = 18, ಯಂತ್ರ ಹೊರಡುತ್ತದೆ. 3 ನಿಮಿಷಕ್ಕೆ ವೇಗ ಇನ್ನೂ 22, ಕಾಯಬೇಕು.

25ಕ್ಕೆ ನಿಂತದ್ದು 25ಕ್ಕೇ ಹೊರಡಬಾರದೇಕೆ? ಗಾಳಿ 24, 26 ಎಂದು ಆಡುತ್ತಿದ್ದರೆ ಯಂತ್ರ ಹೊರಟು ನಿಂತು, ಹೊರಟು ನಿಂತು ಸವೆದುಹೋಗುತ್ತದೆ. ಅದಕ್ಕೇ ಎರಡು ಗಡಿಗಳ ನಡುವೆ ಅಂತರ ಬಿಡುತ್ತಾರೆ, ಕ್ಷಣದ ಗಾಳಿಯ ಬದಲು ಕೆಲವು ನಿಮಿಷಗಳ ಸರಾಸರಿಯನ್ನು ನೋಡುತ್ತಾರೆ. ಈ ಅಂತರದಲ್ಲಿ ಸಂಖ್ಯಾರೇಖೆಯೊಂದೇ ಸಾಲದು. ವೇಗ 22 ಎಂದು ಗೊತ್ತಾದರೂ ಯಂತ್ರ ಓಡುತ್ತಿದೆಯೇ ಎಂದು ಹೇಳಲು, ಗಾಳಿ ಕೆಳಗಿನಿಂದ ಏರಿ ಬಂದದ್ದೋ ಮೇಲಿನಿಂದ ಇಳಿದು ಬಂದದ್ದೋ ತಿಳಿದಿರಬೇಕು.