ಸಿಂಹಾಸನ ಬೇಡ ಸ್ವಾಮಿ, ಕುರ್ಚಿ ಸಾಕು!

ಖಳನಾಯಕನನ್ನು ಒಮ್ಮೆ ಅವನ ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿ ನೋಡಿ. ಅರ್ಧ ಖಳತನ ಅಲ್ಲೇ ಇಳಿದುಹೋಗುತ್ತದೆ! 1987ರ ‘ಮಿಸ್ಟರ್ ಇಂಡಿಯಾ’ದಲ್ಲಿ ಅಮರೀಶ್ ಪುರಿ ಆ ಸಿಂಹಾಸನದ ಕೈ ಮೇಲೆ ಬೆರಳಾಡಿಸದೇ ಇದ್ದಿದ್ದರೆ ಮೊಗ್ಯಾಂಬೊ ಮೊಗ್ಯಾಂಬೊ ಆಗುತ್ತಿದ್ದನೇ? ನಮ್ಮ ಅಣ್ಣಾವ್ರ ‘ಮಯೂರ’ (1975) ನೆನಪಿಸಿಕೊಳ್ಳಿ. ಕಳೆದುಹೋದ ರಾಜ್ಯ, ಸಿಂಹಾಸನ ಇವೇ ಕಥೆಯ ಜೀವಾಳ. ತೆರೆಯ ಮೇಲೆ ಕುರ್ಚಿಗೂ ಒಂದು ಪಾತ್ರವಿದೆ. ಸಂಭಾಷಣೆ ಇಲ್ಲ, ಅಷ್ಟೇ.

ಆ ಪಾತ್ರ ಈಗ ತೆರೆಯಿಂದಿಳಿದು ಮನೆಗೆ ಬಂದಿದೆ. ಕೈಗೆ ನಾಲ್ಕು ಕಾಸು ಬಂದ ಕೂಡಲೇ, ಇಲ್ಲವೇ ಮದುವೆ ಗೊತ್ತಾದ ಕೂಡಲೇ, ನಮ್ಮ ಹುಡುಗರಿಗೆ ‘ಹಳೇ ಕಾಲದ ಕುರ್ಚಿ’ಯ ಮೋಹ. ಕೆತ್ತನೆ ಇರಬೇಕು, ಸಿಂಹದ ತಲೆ ಇರಬೇಕು, ಫೋಟೋದಲ್ಲಿ ಜೋರಾಗಿ ಕಾಣಬೇಕು! ತಪ್ಪೇನಿಲ್ಲ. ಆದರೆ ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗಳಲ್ಲಿ ಸುತ್ತಾಡಿ ಬಂದ ನನ್ನದೊಂದು ಮಾತು ಕೇಳಿ. ತಿಂಗಳುಗಟ್ಟಲೆ ಬೆವರು ಸುರಿಸಿ ಕೂಡಿಟ್ಟ ದುಡ್ಡು ಮಾರಾಯ್ರೆ, ಒಂದು ಮಧ್ಯಾಹ್ನದಲ್ಲಿ ಮಂಗಮಾಯ ಆಗಬಾರದು.

ಕ್ಯಾಮೆರಾಗೆ ಬೆನ್ನುನೋವಿಲ್ಲ!

ಸೆಟ್ಟಿನ ಸಿಂಹಾಸನವನ್ನು ಹಿಂದಿನಿಂದ ನೋಡಿದ್ದೀರಾ? ಮುಂದೆ ಬಂಗಾರ, ಹಿಂದೆ ಪ್ಲೈವುಡ್! ಕ್ಯಾಮೆರಾ ನೋಡುವುದು ಒಂದೇ ಕಡೆಯಿಂದ. ಎರಡು ನಿಮಿಷದ ಶಾಟ್ ಮುಗಿದರೆ ನಾಯಕ ಎದ್ದು ಹೋಗುತ್ತಾನೆ. ಮನೆಯ ಕುರ್ಚಿಗೆ ‘ಕಟ್’ ಹೇಳುವವರಿಲ್ಲ. ಅಪ್ಪ ಅದರಲ್ಲಿ ಪೇಪರ್ ಓದಬೇಕು, ಅಮ್ಮ ಅದರಲ್ಲಿ ಕೂತು ಅವರೆಕಾಯಿ ಸುಲಿಯಬೇಕು, ಮಂಡಿನೋವಿನ ಅಜ್ಜಿ ಅದರಿಂದ ತಾನೇ ಎದ್ದು ಬರಬೇಕು. ಹಾಗಾಗಿ ಹಳೇ ಕುರ್ಚಿಯನ್ನು ಕಣ್ಣಿನಿಂದ ಆರಿಸಬೇಡಿ. ಬೆನ್ನಿನಿಂದ ಆರಿಸಿ, ಕೈಯಿಂದ ಆರಿಸಿ.

ಮೊದಲು ಕೂತುಬಿಡಿ. ಅಂಗಡಿಯವರು ಏನಂದುಕೊಂಡಾರೋ ಅನ್ನೋ ನಾಚಿಕೆ ಬೇಡ, ಹತ್ತು ನಿಮಿಷ ಕೂರಿ. ಮಾಮೂಲಿ ಕುರ್ಚಿಯಾದರೆ ಆಸನ ನೆಲದಿಂದ 17-18 ಅಂಗುಲ ಎತ್ತರ ಇದ್ದರೆ ಸರಿ. ಪಾದ ಪೂರ್ತಿ ನೆಲಕ್ಕೆ ಊರಬೇಕು. ಬೆನ್ನು ಒರಗಿದಾಗ ಮಂಡಿಯ ಹಿಂದೆ ಎರಡು ಬೆರಳು ಹೋಗುವಷ್ಟು ಜಾಗ ಉಳಿಯಬೇಕು. ಆಮೇಲೆ ಎದ್ದು, ಹಿಂದೆ ನಿಂತು, ಬೆನ್ನುಪಟ್ಟಿ ಹಿಡಿದು ಮೂಲೆಯಿಂದ ಮೂಲೆಗೆ ಅಲ್ಲಾಡಿಸಿ. ಕಿರ್ ಅಂದರೆ ಕೀಲು ಸಡಿಲವಾಗಿದೆ ಅಂತ ಅರ್ಥ. ಒಂದು ಕಟ್ಟಿಗೆಯ ನಾಲಿಗೆಯನ್ನು ಇನ್ನೊಂದರ ತೂತಿಗೆ ಇಳಿಸಿ ಮಾಡಿದ ಹಳೇ ಕೀಲಾದರೆ ಹೆದರಬೇಡಿ. ಒಳ್ಳೇ ಆಚಾರಿ ಬಿಚ್ಚಿ, ಅಂಟು ಹಾಕಿ, ಮತ್ತೆ ಕೂರಿಸುತ್ತಾನೆ. ಕಾಲೇ ಸೀಳಿದ್ದರೆ ಮಾತ್ರ ದೂರದಿಂದಲೇ ನಮಸ್ಕಾರ ಹೇಳಿ.

ತಿರುಗಿಸಿ ನೋಡಿ, ಬಣ್ಣ ಬಯಲು

‘ಮಹಾರಾಜರ ಕಾಲದ್ದು ಸಾರ್!’ ಅಂಗಡಿಯ ಈ ಡೈಲಾಗ್ ಕೇಳಿದ ತಕ್ಷಣ ಕುರ್ಚಿಯನ್ನು ತಲೆಕೆಳಗು ಮಾಡಿ. ಮುಖಕ್ಕೆ ಮೇಕಪ್ ಹಾಕಬಹುದು, ಹೊಟ್ಟೆಯ ಕೆಳಗೆ ಹಾಕುವವರು ಕಡಿಮೆ.

ಒಂದು: ಸ್ಕ್ರೂ ನೋಡಿ. ತಲೆಯ ಮೇಲೆ ನಕ್ಷತ್ರದ ಹಾಗೆ ಕೂಡು ಗೀರಿನ ಸ್ಟಾರ್ ಸ್ಕ್ರೂ ಇದ್ದರೆ ಹುಷಾರು! ಅಮೆರಿಕದ ಫಿಲಿಪ್ಸ್ ಎಂಬಾತ ಅದಕ್ಕೆ ಪೇಟೆಂಟ್ ಪಡೆದದ್ದೇ 1936ರಲ್ಲಿ. 150 ವರ್ಷದ ಕುರ್ಚಿಯಲ್ಲಿ ಅದಕ್ಕೇನು ಕೆಲಸ? ನಡುವೆ ರಿಪೇರಿ ಆಗಿರಬಹುದು, ಇಲ್ಲವೇ ಕುರ್ಚಿ ಹುಟ್ಟಿದ್ದೇ ಮೊನ್ನೆ. ಎರಡರಲ್ಲಿ ಯಾವುದು ಅಂತ ಕೇಳಿ.

ಎರಡು: ಸವೆತ ನೋಡಿ. ನಿಜವಾದ ಹಳೇ ಕುರ್ಚಿ ಮನುಷ್ಯ ಮುಟ್ಟಿದ ಕಡೆ ಮಾತ್ರ ಸವೆದಿರುತ್ತದೆ. ಅಂಗೈ ಊರುವ ಕೈಯ ತುದಿ, ಪಾದ ಉಜ್ಜುವ ಮುಂದಿನ ಅಡ್ಡಪಟ್ಟಿ. ಮೈತುಂಬಾ ಒಂದೇ ಸಮ ಸವೆದಿದ್ದರೆ ಅದು ವಯಸ್ಸಲ್ಲ, ಉಪ್ಪುಕಾಗದದ ಪವಾಡ!

ಮೂರು: ಬೆತ್ತ ನೋಡಿ. ಆಸನದ ಚೌಕಟ್ಟಿನ ಸುತ್ತ ಸಾಲಾಗಿ ಪುಟ್ಟ ಪುಟ್ಟ ತೂತುಗಳಿದ್ದು ಅವುಗಳ ಮೂಲಕ ಬೆತ್ತ ಎಳೆದಿದ್ದರೆ ಅದು ಕೈಹೆಣಿಗೆ. ತೂತಿನ ಬದಲು ಒಂದು ಕಾಲುವೆ ಕೊರೆದು ಬೆತ್ತದ ಹಾಳೆಯನ್ನು ಒತ್ತಿ ಕೂರಿಸಿದ್ದರೆ ಅದು ಮಿಲ್ಲಿನ ಹೆಣಿಗೆ. ಬೆತ್ತ ಹರಿದಿದ್ದರೆ ಚಿಂತೆ ಇಲ್ಲ, ಹೊಸದಾಗಿ ಹೆಣೆಸಬಹುದು. ಚೌಕಟ್ಟು ಗಟ್ಟಿ ಇದ್ದರೆ ಸಾಕು.

ನಾಲ್ಕು: ಕುಟ್ಟೆ ಹುಳು. ಗುಂಡುಸೂಜಿಯ ತಲೆಯಷ್ಟು ತೂತು ಇದ್ದಾಕ್ಷಣ ಗಾಬರಿ ಬೇಡ, ಹುಳು ಎಂದೋ ಖಾಲಿ ಮಾಡಿ ಹೋಗಿರಬಹುದು. ಕುರ್ಚಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ. ಬಿಳಿ ಹಿಟ್ಟು ಉದುರಿದರೆ ಬಾಡಿಗೆದಾರ ಇನ್ನೂ ಒಳಗಿದ್ದಾನೆ! ಅಂಥದ್ದನ್ನು ಮನೆಗೆ ತಂದರೆ ಬಾಗಿಲು, ಕಿಟಕಿ, ಮಂಚಕ್ಕೂ ಅಪಾಯ.

ಯಾವ ಕುರ್ಚಿ ಯಾರಿಗೆ?

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳ ಆರಾಮ ಕುರ್ಚಿ ಗೊತ್ತಲ್ಲ? ಉದ್ದ ಕೈ, ಬೆತ್ತದ ಒರಗು, ಕಾಲು ಚಾಚಲು ಕೈಯಡಿಯಿಂದ ತಿರುಗಿಸಿ ತೆಗೆಯುವ ಪಟ್ಟಿ. ಸಾಗುವಾನಿಯದೋ ಬೀಟೆಯದೋ ಸಿಕ್ಕರೆ ಪುಣ್ಯ. ಆದರೆ ಹತ್ತಡಿ ಕೋಣೆಯಲ್ಲಿ ಅದನ್ನಿಟ್ಟರೆ ನೀವು ವರಾಂಡದಲ್ಲಿ ಮಲಗಬೇಕಾದೀತು! ಟೇಪು ಹಿಡಿದು ಕೋಣೆ, ಬಾಗಿಲು ಎರಡನ್ನೂ ಅಳೆದು ಹೊರಡಿ.

ಮುಂಬೈನ ಇರಾನಿ ಹೋಟೆಲುಗಳ ಬಾಗಿದ ಕಟ್ಟಿಗೆಯ ಕುರ್ಚಿ ಇನ್ನೊಂದು ಜಾತಿ. ಮೈಕೆಲ್ ಥೋನೆಟ್ ಬೀಚ್ ಮರವನ್ನು ಹಬೆಯಲ್ಲಿ ಬಾಗಿಸಿ 1859ರಲ್ಲಿ ಹೊರತಂದ 14ನೇ ನಂಬರಿನ ಕುರ್ಚಿಯೇ ಇದರ ಮೂಲಪುರುಷ. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು. ಅಷ್ಟೇ! ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ. 1972ರ ‘ಕ್ಯಾಬರೆ’ಯಲ್ಲಿ ಲೈಸಾ ಮಿನೆಲಿ ಕುಣಿದದ್ದೂ ಇಂಥ ಬಾಗಿದ ಕಟ್ಟಿಗೆಯ ಕುರ್ಚಿಯ ಜೊತೆಯಲ್ಲೇ. ಹಗುರ, ಚಿಕ್ಕ ಕೋಣೆಗೆ ಹೇಳಿ ಮಾಡಿಸಿದ್ದು.

ಪದೇ ಪದೇ ರೂಮು ಬದಲಿಸುವ ಬ್ರಹ್ಮಚಾರಿಗಳಿಗೆ ರೂರ್ಕಿ ಕುರ್ಚಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೂರ್ಕಿಯ ಸೇನಾ ಎಂಜಿನಿಯರುಗಳ ನೆಲೆಯಲ್ಲಿ ಹುಟ್ಟಿದ್ದು. ಕ್ಯಾನ್ವಾಸು, ಚರ್ಮದ ಪಟ್ಟಿ, ಕಟ್ಟಿಗೆ. ಕೀಲಿಗೆ ಅಂಟಿನ ಹಂಗಿಲ್ಲ. ಬಿಚ್ಚಿ ಸುರುಳಿ ಸುತ್ತಿದರೆ ಬಗಲಿಗೇ ಬಂತು.

ಇನ್ನು ನಮ್ಮ ನಿಮ್ಮ ಪ್ರೀತಿಯ ಟಾಕೀಸ್ ಸೀಟು! ಬೆಂಗಳೂರಿನ ‘ಕಪಾಲಿ’ 2017ರಲ್ಲಿ, ‘ಕಾವೇರಿ’ 2024ರಲ್ಲಿ ಬಾಗಿಲು ಹಾಕಿದಾಗ ಹೊಟ್ಟೆ ಉರಿದವರು ಎಷ್ಟು ಮಂದಿಯೋ. ಚಿತ್ರಮಂದಿರ ಒಡೆದಾಗ ಸೀಟುಗಳು ಗುಜರಿಗೆ ಬರುವುದುಂಟು. ಕೊಳ್ಳುವ ಮುನ್ನ ಒಂದು ಗುಟ್ಟು ತಿಳಿದಿರಿ: ಪಕ್ಕಪಕ್ಕದ ಸೀಟುಗಳಿಗೆ ನಡುವಿನ ಕಬ್ಬಿಣದ ಕಾಲು ಒಂದೇ, ಅದನ್ನು ನೆಲಕ್ಕೆ ಬೋಲ್ಟ್ ಹಾಕಿರುತ್ತಾರೆ. ಹಾಗೇ ಮನೆಗೆ ತಂದು ಕೂತರೆ ಇಂಟರ್‌ವಲ್‌ಗೆ ಮುಂಚೆಯೇ ನೆಲಕ್ಕೆ! ಎರಡೂ ಕೊನೆಯ ಕಾಲುಗಳ ಸಮೇತ ಜೋಡಿಯಾಗಿ ಕೊಂಡು, ದಪ್ಪನೆಯ ಅಗಲ ಹಲಗೆಗೆ ಬೋಲ್ಟ್ ಮಾಡಿಸಿ.

ಗುಜರಿಯಿಂದ ಪ್ಯಾರಿಸ್ಸಿಗೆ

ಈ ಕಥೆ ಯಾವ ಸಿನಿಮಾಕ್ಕೂ ಕಡಿಮೆ ಇಲ್ಲ. 1950ರ ದಶಕದಲ್ಲಿ ಚಂಡೀಗಢ ನಗರ ಕಟ್ಟುವಾಗ ಲೆ ಕಾರ್ಬೂಸಿಯರ್‌ನ ದಾಯಾದಿ ಪಿಯರ್ ಜೆನರೆ ಅಲ್ಲಿನ ಸರ್ಕಾರಿ ಕಚೇರಿಗಳಿಗೆಂದು ಸಾಗುವಾನಿ ಮತ್ತು ಬೆತ್ತದ ಕುರ್ಚಿ ಮಾಡಿಸಿದ. ಗುಮಾಸ್ತರು ದಶಕಗಟ್ಟಲೆ ಕೂತರು. ಹಳತಾಯಿತು ಅಂತ ಛಾವಣಿ, ಗೋದಾಮುಗಳಲ್ಲಿ ರಾಶಿ ಹಾಕಿ ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದರು. ಫಾರಿನ್ ವ್ಯಾಪಾರಿಗಳು ಬಂದರು, ಪಾಲಿಶ್ ಮಾಡಿದರು, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು! 2011ರಲ್ಲಿ ಕೇಂದ್ರ ಸರ್ಕಾರ ಆ ಮಾರಾಟಕ್ಕೆ ತಡೆ ಹಾಕುವ ಹೊತ್ತಿಗೆ ಎಷ್ಟೋ ಕುರ್ಚಿ ಹಡಗು ಹತ್ತಿಯಾಗಿತ್ತು. ಈಗ ಅದರ ನಕಲಿಗಳದೇ ಸುಗ್ಗಿ. ಬೆನ್ನ ಮೇಲಿನ ಕಚೇರಿ ನಂಬರನ್ನೂ ನಕಲು ಬರೆಯುತ್ತಾರೆ, ನಂಬಬೇಡಿ.

ನಗಬೇಡಿ, ನಮ್ಮೂರಲ್ಲೂ ಇದೇ ನಡೆಯುತ್ತಿದೆ. ಗಾಡಿಯವನು ಬರುತ್ತಾನೆ. ತಾತನ ಬೀಟೆ ಕುರ್ಚಿ ಒಯ್ದು ನಾಲ್ಕು ಪ್ಲಾಸ್ಟಿಕ್ ಕುರ್ಚಿ ಕೊಡುತ್ತಾನೆ. ಮನೆಯವರು ಖುಷಿಯಾಗಿ ಕಳಿಸುತ್ತಾರೆ. ಆ ಮನೆಯ ಮಗನೇ ಪೇಟೆಯಲ್ಲಿ ಅಂಥದ್ದೇ ಕುರ್ಚಿಗೆ ಸಾಲ ಮಾಡುತ್ತಾನೆ! ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಊರಿನ ಬಸ್ಸು ಹತ್ತಿ, ಅಟ್ಟ ಹತ್ತಿ. ಕಾಲು ಮುರಿದು ಬಿದ್ದಿರುವ ಹಲಸಿನ ಕುರ್ಚಿಯೊಂದು ಸಿಕ್ಕರೆ ಅದೇ ನಿಮ್ಮ ಆಂಟಿಕ್. ಆಚಾರಿಯ ಕೂಲಿ, ಹೊಸ ಬೆತ್ತ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್, ಇಷ್ಟೇ ಖರ್ಚು. ಮಷೀನು ಹಚ್ಚಿ ಹಳೇ ಬಣ್ಣವನ್ನೆಲ್ಲ ಕೆರೆಸಬೇಡಿ. ತಾತನ ಅಂಗೈ ಕೊಟ್ಟ ಹೊಳಪೂ ಅದರ ಜೊತೆ ಹೋಗುತ್ತದೆ.

ಕೊನೆಗೊಂದು ಮಾತು. ‘ಭೂತಯ್ಯನ ಮಗ ಅಯ್ಯು’ (1974) ನೋಡಿದವರಿಗೆ ಜಮೀನ್ದಾರನ ದರ್ಪ ಎಂಥದ್ದು ಅಂತ ಹೇಳಬೇಕಿಲ್ಲ. ದೊಡ್ಡ ಕುರ್ಚಿಗಳ ಚರಿತ್ರೆಯಲ್ಲಿ ಅದೂ ಸೇರಿದೆ: ಕೂರುವವನು ಒಬ್ಬ, ಎದುರಿಗೆ ಕೈಕಟ್ಟಿ ನಿಲ್ಲುವವರು, ನೆಲದ ಮೇಲೆ ಕೂರುವವರು ನೂರಾರು. ನಮ್ಮ ನಿಮ್ಮ ತಾತಂದಿರಲ್ಲಿ ಎಷ್ಟು ಜನ ನಿಂತವರೋ! ಅಂಥ ಕುರ್ಚಿ ಇವತ್ತು ನಿಮ್ಮ ದುಡಿಮೆಯ ದುಡ್ಡಿನಲ್ಲಿ ನಿಮ್ಮ ಮನೆಗೆ ಬಂದರೆ ಸಂತೋಷ. ಆದರೆ ಗಾಜಿನ ಹಿಂದೆ ಇಟ್ಟು, ‘ಮುಟ್ಟಬೇಡಿ’ ಅನ್ನಬೇಡಿ. ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೂ, ಊರಿಂದ ಬಂದ ದೊಡ್ಡಪ್ಪನಿಗೂ ಅದೇ ಕುರ್ಚಿ ಎಳೆದುಹಾಕಿ, ‘ಕೂತ್ಕೊಳಿ’ ಅನ್ನಿ.

ಹಾಗೆ ಕೂರಿಸಲು ಮನಸ್ಸು ಹಿಂಜರಿಯುವಂಥ ಕುರ್ಚಿಯಾದರೆ, ಎಷ್ಟೇ ಹಳತಾಗಿರಲಿ, ಕೊಳ್ಳಲೇ ಬೇಡಿ!