ಮಕ್ಕಳ ಮಧುಮೇಹಕ್ಕೆ ಸೊಪ್ಪಿನ ಮದ್ದು ಸಾಕೇ?

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವೃತ್ತಿಯನ್ನೇ ಕಾಯಕವಾಗಿಸಿಕೊಂಡಿದ್ದವರು. ರೋಗದ ಮೂಲವನ್ನು ಅರಿಯದೆ ಮದ್ದು ಕೊಡಬಾರದೆಂಬುದು ಆ ಕಾಯಕದ ಮೊದಲ ಪಾಠ. ಮಕ್ಕಳಿಗೆ ಬರುವ ಮಧುಮೇಹದ ವಿಷಯದಲ್ಲಿ ಈ ಪಾಠವನ್ನು ನಾವು ಮತ್ತೆ ಮತ್ತೆ ನೆನೆಯಬೇಕಾಗಿದೆ.

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಂಥ ಊರುಗಳಲ್ಲಿ ಹಿತ್ತಿಲೇ ಮೊದಲ ಔಷಧಾಲಯ. ಹಾಗಲ, ಮೆಂತ್ಯ, ನೇರಳೆಬೀಜ, ಅಮೃತಬಳ್ಳಿ, ಮಧುನಾಶಿನಿಗಳ ಹೆಸರು ಹಿರಿಯರ ನಾಲಗೆಯ ತುದಿಯಲ್ಲೇ ಇರುತ್ತದೆ. ಮನೆಯ ಮಗುವಿಗೆ ಸಕ್ಕರೆ ಕಾಯಿಲೆಯೆಂದೊಡನೆ, ಅಜ್ಜನಿಗೆ ಕೊಡುವ ಕಷಾಯವನ್ನೇ ಮೊಮ್ಮಗನಿಗೂ ಕೊಡುವ ಆಲೋಚನೆ ಸಹಜ. ಆದರೆ ಇವು ಹೆಸರಿನಲ್ಲಿ ಒಂದೇ ಆದರೂ ಬೇರೆ ಬೇರೆ ರೋಗಗಳು.

ಹಿರಿಯರಲ್ಲಿ ಸಾಮಾನ್ಯವಾಗಿ ಇನ್ಸುಲಿನ್ ಉತ್ಪತ್ತಿಯಾಗುತ್ತಿದ್ದರೂ ಅದು ಸಾಲದು, ಅಥವಾ ಸರಿಯಾಗಿ ಕೆಲಸ ಮಾಡದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದನೆಯ ಬಗೆಯ ಮಧುಮೇಹದಲ್ಲಿ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಮಾಡುತ್ತದೆ. ಇಲ್ಲದ ಇನ್ಸುಲಿನ್ನನ್ನು ಯಾವ ಸೊಪ್ಪೂ ತುಂಬಿಕೊಡಲಾರದು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಅದಕ್ಕೆ ಮೊದಲು ಇಂಥ ಮಕ್ಕಳು ಬದುಕುಳಿಯುವುದು ದುರ್ಲಭವಾಗಿತ್ತು.

ಮೋಸಹೋಗುವ ಘಟ್ಟ

ಚುಚ್ಚುಮದ್ದು ಆರಂಭಿಸಿದ ಕೆಲವು ವಾರಗಳಲ್ಲಿ ಅನೇಕ ಮಕ್ಕಳಿಗೆ ಇನ್ಸುಲಿನ್ನಿನ ಅಗತ್ಯ ಬಹಳ ಕಡಿಮೆಯಾಗುತ್ತದೆ. ಅಳಿದುಳಿದ ಜೀವಕೋಶಗಳು ತುಸು ಚೇತರಿಸಿಕೊಳ್ಳುವುದೇ ಇದಕ್ಕೆ ಕಾರಣ. ವೈದ್ಯರು ಇದನ್ನು ‘ಮಧುಚಂದ್ರದ ಅವಧಿ’ ಎನ್ನುತ್ತಾರೆ. ಇದೇ ವೇಳೆಗೆ ಮನೆಯಲ್ಲಿ ಕಷಾಯವನ್ನೂ ಆರಂಭಿಸಿದ್ದರೆ ಯಶಸ್ಸೆಲ್ಲ ಕಷಾಯದ ಪಾಲಾಗುತ್ತದೆ. ಸೂಜಿಯನ್ನು ಬದಿಗಿಡುವ ಆಸೆ ಹುಟ್ಟುತ್ತದೆ. ಆದರೆ ಈ ಅವಧಿ ತಾತ್ಕಾಲಿಕ. ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬಿ, ಒಂದೆರಡು ದಿನಗಳಲ್ಲೇ ಮಗುವಿನ ಪ್ರಾಣಕ್ಕೆ ಸಂಚಕಾರ ಬರಬಹುದು.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 2014ರಲ್ಲಿ ನಡೆದದ್ದೂ ಇದೇ. ಇನ್ಸುಲಿನ್ ಬೇಡವೆಂದು ಹೇಳಿ ಮೂಲಿಕೆಗಳನ್ನು ಕೊಟ್ಟ ನಾಟಿ ಚಿಕಿತ್ಸಕನೊಬ್ಬನ ಮಾತು ನಂಬಿದ ಮನೆಯಲ್ಲಿ 13 ವರ್ಷದ ಬಾಲಕ ಅಸುನೀಗಿದ. 2019ರಲ್ಲಿ ಆ ಚಿಕಿತ್ಸಕ ಅಪರಾಧಿಯೆಂದು ತೀರ್ಮಾನವಾಯಿತು. ಹೋದ ಜೀವ ಮಾತ್ರ ಮರಳಲಿಲ್ಲ.

ಇತರ ಅಪಾಯಗಳು

ಮಧುನಾಶಿನಿ ಎಲೆಯನ್ನು ಅಗಿದರೆ ಸಕ್ಕರೆ ಸಪ್ಪೆಯಾಗಿ ತೋರುತ್ತದೆ. ನಾಲಗೆಗೆ ಸಿಹಿ ತಿಳಿಯದ ಮಾತ್ರಕ್ಕೆ ರಕ್ತದ ಸಕ್ಕರೆ ಇಳಿಯಿತೆಂದಲ್ಲ. ಹೆಸರಿಲ್ಲದ ಪುಡಿಗಳಲ್ಲಿ ಸಕ್ಕರೆ ಇಳಿಸುವ ಮಾತ್ರೆಗಳನ್ನು ಗುಟ್ಟಾಗಿ ಬೆರೆಸಿದ ಉದಾಹರಣೆಗಳುಂಟು. ಇನ್ಸುಲಿನ್ ಜೊತೆಗೆ ಅವೂ ಸೇರಿದರೆ ಸಕ್ಕರೆ ವಿಪರೀತ ಕುಸಿದು ಮಗು ಪ್ರಜ್ಞೆ ತಪ್ಪಬಹುದು. ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂತು. ಮಧುಮೇಹವನ್ನು ಗುಣಪಡಿಸುತ್ತೇವೆಂಬ ಔಷಧದ ಜಾಹೀರಾತುಗಳನ್ನು ನಮ್ಮ ದೇಶದಲ್ಲಿ 1954ರ ಕಾಯಿದೆಯೇ ನಿಷೇಧಿಸಿದೆ.

ತಾಯಂದಿರಿಗೆ ಕೆಲವು ಮಾತು

ನಾವು ಮೂಲಿಕೆಗಳನ್ನು ಹಳಿಯುತ್ತಿಲ್ಲ. ಹಾಗಲಕಾಯಿ ಪಲ್ಯ, ಮೆಂತ್ಯದ ಸಾರು ಊಟದಲ್ಲಿರಲಿ; ಅವು ಇನ್ಸುಲಿನ್ನಿನ ಸ್ಥಾನಕ್ಕೆ ಬಾರದಿರಲಿ. ಬೇರೆ ಯಾವ ಮದ್ದು ಕೊಡುತ್ತಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ. ಸೋಮವಾರದ ಒಪ್ಪೊತ್ತು, ಶಿವರಾತ್ರಿಯ ಉಪವಾಸಗಳಿಂದ ಇಂಥ ಮಕ್ಕಳಿಗೆ ವಿನಾಯಿತಿ ಕೊಡಿ.

ಗೆಜ್ಜಲಗೆರೆಯೆಂದರೆ ಜಿಲ್ಲೆಯ ಹಾಲು ಒಕ್ಕೂಟದ ಡೇರಿ. ತಂಪು ತಪ್ಪಿದರೆ ಹಾಲು ಕೆಡುವುದೆಂದು ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಇನ್ಸುಲಿನ್ ಕೂಡ ಹಾಗೆಯೇ: 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು.

ಮಗು ಪದೇ ಪದೇ ನೀರು ಕೇಳುತ್ತ, ಹೆಚ್ಚು ಮೂತ್ರಮಾಡುತ್ತ, ಸೊರಗುತ್ತಿದ್ದರೆ ಅಂದೇ ರಕ್ತ ಪರೀಕ್ಷಿಸಿ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ ಕಂಡರೆ ಕಷಾಯ ಕಾಸುತ್ತ ಕೂರದೆ ತಕ್ಷಣ ಮಂಡ್ಯದ ಮಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ದಿನವೂ ಸೂಜಿ ಚುಚ್ಚುವಾಗ ಹೆತ್ತ ಕರುಳು ನೋಯುವುದು ನಿಜ. ಆದರೆ ಆ ಸೂಜಿಯ ಬಲದಿಂದಲೇ ಮಗು ಓದಿ, ಆಡಿ, ದೊಡ್ಡದಾಗಿ ತನ್ನ ಕಾಯಕವನ್ನು ತಾನು ಕೈಗೊಳ್ಳಬಲ್ಲುದು.