ಇಳಿಯುವ ದಾರಿ ನೋಡಿ ಹತ್ತಿದ ಗುಡ್ಡ

ಬೆಳಗಿನ ಐದೂವರೆ. ಹಂಸಭಾವಿಯ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಮೊದಲ ಪಾತ್ರೆ ಇನ್ನೂ ಕುದಿ ಬಂದಿರಲಿಲ್ಲ. ನಮ್ಮಿಬ್ಬರ ಬೆನ್ನಿನ ಚೀಲ, ಕೈಯೊಳಗಿನ ಬಿದಿರು ಬಡಿಗೆ ನೋಡಿ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಹಿರಿಯರೊಬ್ಬರು ಕೇಳಿದರು.

"ಎಲ್ಲಿಗ್ ಹೊಂಟೀರಿ ತಮ್ಮಾ, ಕುರಿ ಕಾಯಾಕ?"

"ಇಲ್ರಿ ಅಜ್ಜಾರ, ಗುಡ್ಡಾ ಹತ್ತಾಕ. ಚಂದ್ರಗುತ್ತಿಗೆ."

"ಹತ್ತಿ ಏನ್ ಮಾಡ್ತೀರಿ?"

"ಏನಿಲ್ರಿ. ಮತ್ತ ಇಳಿಯೂದು."

ಅಜ್ಜ ನಗಲಿಲ್ಲ. "ಹಂಗಾರ ಇಳಿಯೂದು ಹೆಂಗಂತ ನೋಡ್ಕೊಂಡ ಹತ್ರಿ. ಹತ್ತೂದು ಹುಮ್ಮಸ್ಸಿನ ಕೆಲಸ, ಇಳಿಯೂದು ಮೊಣಕಾಲಿಂದು" ಎಂದು ಬಸಿಗೆ ಚಹಾ ಸುರುವಿಕೊಂಡರು.

ಈ ಮಾತು ನನಗೆ ತಿಳಿಯುವುದಕ್ಕೆ ಕೊಡಚಾದ್ರಿಯಲ್ಲಿ ಒಂದು ಸಂಜೆ ಹಾಳಾಗಬೇಕಾಯಿತು. ಹಲವು ವರ್ಷಗಳ ಹಿಂದಿನ ಮಾತು. ಯಾರೋ ತೋರಿಸಿದ ಫೋಟೊ ಒಂದನ್ನೇ ನಂಬಿ ಹೋಗಿದ್ದೆವು. ಹಿಡ್ಲುಮನೆ ಜಲಪಾತದ ಮಗ್ಗುಲಿನಿಂದ ಹತ್ತುವಾಗ ಮೈಯಲ್ಲಿ ಹತ್ತು ಆನೆಯ ಬಲ. ತುದಿಯ ಹತ್ತಿರದ ಸರ್ವಜ್ಞ ಪೀಠದ ಕಲ್ಲುಮಂಟಪದ ಎದುರು ಹರಟುತ್ತ ಸಂಜೆ ಮಾಡಿದೆವು. (ನಮ್ಮ ಹಿರೇಕೆರೂರು ಸೀಮೆಯವರಿಗೆ ಸರ್ವಜ್ಞ ಅಂದರೆ ಅಬಲೂರು, ಮಾಸೂರಿನ ತ್ರಿಪದಿಯ ಸರ್ವಜ್ಞನೇ. ಅಲ್ಲಿಯದು ಶಂಕರಾಚಾರ್ಯರ ಹೆಸರಿನ ಪೀಠ ಎಂದು ಗೆಳೆಯನಿಗೆ ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ತಾಸು ಹೋಯಿತು.) ಇಳಿಯುವಾಗ ಕತ್ತಲೆ, ಒದ್ದೆ ಬೇರು, ಒಂದೇ ಬ್ಯಾಟರಿ. ಮೂರು ಸಲ ಕುಂಡಿಯ ಮೇಲೆ ಜಾರಿದ್ದು ನೆನಪಿದೆ, ನಾಲ್ಕನೆಯದು ಮೊಣಕೈಯ ಮೇಲೆ. ಗುರುತು ಇನ್ನೂ ಇದೆ.

ಆಮೇಲಿಂದ ಯಾವ ಗುಡ್ಡದ ಮಾತು ಬಂದರೂ ನಾನು ಮೊದಲು ಎತ್ತರ ಕೇಳುವುದಿಲ್ಲ. ಎತ್ತರದ ಅಂಕಿಯಷ್ಟು ದಾರಿ ತಪ್ಪಿಸುವುದು ಇನ್ನೊಂದಿಲ್ಲ. ಮುಳ್ಳಯ್ಯನಗಿರಿ 1930 ಮೀಟರ್, ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರ. ಆದರೆ ಗಾಡಿ ಹೆಚ್ಚುಕಡಿಮೆ ತುದಿಯವರೆಗೂ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಕಂಕುಳಲ್ಲಿ ಕೂಸು ಇಟ್ಟುಕೊಂಡವರೂ ಏರಿ ಬರುತ್ತಾರೆ. ಅಲ್ಲಿಯೇ ಸರ್ಪದಾರಿ ಹಿಡಿದು ನಡೆದರೆ ಅದು ಬೇರೆಯದೇ ಗುಡ್ಡ. ಕುಮಾರ ಪರ್ವತ 1712 ಮೀಟರ್, ಅಂಕಿಯಲ್ಲಿ ಗಿಡ್ಡ. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ನೂರು ಮೀಟರಿನ ಆಸುಪಾಸಿನಲ್ಲಿ. ಅಂದರೆ ಕಾಲು ಏರಬೇಕಾದದ್ದು ಸಾವಿರದ ಆರುನೂರು ಮೀಟರ್. ಕಿಸೆಗೆ ಬಂದದ್ದೆಷ್ಟು ಎನ್ನುವುದನ್ನು ಬಿಟ್ಟು ಪೇಟೆಯ ದರವನ್ನಷ್ಟೇ ನೋಡುವ ರೈತ ಯಾರಿದ್ದಾನೆ? ಗುಡ್ಡದ ಲೆಕ್ಕವೂ ಹಾಗೆ. ತುದಿಯ ಎತ್ತರದಲ್ಲಿ ಬುಡದ ಎತ್ತರ ಕಳೆದು ಉಳಿದದ್ದೇ ನಮ್ಮ ಪಾಲು.

ಇದಕ್ಕೊಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಗುಡ್ಡಗಾರ 1892ರಲ್ಲಿ ಹಾಕಿಕೊಟ್ಟದ್ದು. ಈಗಿನ ಅಳತೆಯಲ್ಲಿ ಹೇಳುವುದಾದರೆ, ಐದು ಕಿಲೊಮೀಟರ್ ನಡಿಗೆಗೆ ಒಂದು ತಾಸು, ಅದರ ಮೇಲೆ ಪ್ರತಿ ಆರುನೂರು ಮೀಟರ್ ಏರಿಗೆ ಇನ್ನೊಂದು ತಾಸು. ಕುಕ್ಕೆಯಿಂದ ತುದಿಗೆ ಸುಮಾರು ಹದಿಮೂರು ಕಿಲೊಮೀಟರ್ ಎಂದು ಹಿಡಿದರೆ ಐದೂಕಾಲು ತಾಸು ಆಯಿತು. ಇದು ಚಳಿದೇಶದ, ರೂಢಿಯಿರುವ ಕಾಲಿನ ಲೆಕ್ಕ. ನಮ್ಮ ಸೆಕೆಗೆ, ಗಿರಿಗದ್ದೆಯಲ್ಲಿ ಭಟ್ಟರ ಮನೆಯ ಊಟಕ್ಕೆ, ಫೋಟೊಕ್ಕೆ ಎಂದು ಅರ್ಧದಷ್ಟು ಕೂಡಿಸಿಕೊಳ್ಳಬೇಕು. ತಮಾಷೆಯೆಂದರೆ ನೈಸ್ಮಿತ್ ಇಳಿಯುವುದಕ್ಕೆ ಏನೂ ಸೇರಿಸಿರಲಿಲ್ಲ. ಎಷ್ಟೋ ದಶಕಗಳ ಮೇಲೆ ಎರಿಕ್ ಲ್ಯಾಂಗ್‌ಮುಯಿರ್ ಅನ್ನುವವರು ಅದನ್ನು ತಿದ್ದಿದರು. ಹಗುರ ಇಳಿಜಾರಾದರೆ ಮುನ್ನೂರು ಮೀಟರಿಗೆ ಹತ್ತು ನಿಮಿಷ ಕಳೆಯಿರಿ, ಕಡಿದಾಗಿದ್ದರೆ ಹತ್ತು ನಿಮಿಷ ಕೂಡಿಸಿರಿ ಎಂದರು. ಹಂಸಭಾವಿಯ ಕಟ್ಟೆಯ ಅಜ್ಜ ಅದನ್ನೇ ಒಂದು ಬಸಿ ಚಹಾದೊಳಗೆ ಹೇಳಿ ಮುಗಿಸಿದ್ದರು.

ನಮ್ಮ ಗಾಡಿ ಚಿಕ್ಕೇರೂರು ದಾಟಿತು. ಸ್ವಾತಿ ಮಳೆ ಮುಗಿದ ವಾರ. ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿ, ಅಂಚಿಗೆ ಕಲ್ಲು ಇಟ್ಟು, ಅದರ ಮಗ್ಗುಲಿಗೆ ಮಂಚ ಹಾಕಿಕೊಂಡು ಮಲಗಿದವರ ಪಕ್ಕದಲ್ಲಿಯೇ ಉಸಿರು ಹಿಡಿದು ಸಾಗಬೇಕು. ಆನವಟ್ಟಿಯ ಕಡೆಗೆ ಹೋದಂತೆ ಜೋಳದ ಹಳದಿ ಕರಗಿ ಭತ್ತದ ಹಳದಿ ಬರುತ್ತದೆ, ಆಮೇಲೆ ಅಡಿಕೆಯ ಹಸಿರು. ಹಾನಗಲ್ಲು, ಹಿರೇಕೆರೂರು ಅತ್ತ ಪೂರ್ತಿ ಬಯಲೂ ಅಲ್ಲ, ಇತ್ತ ಮಲೆನಾಡೂ ಅಲ್ಲ. ನಮ್ಮ ಹೊಳೆಗಳು ಮಾತ್ರ ಮಲೆನಾಡಿನ ಹೆಣ್ಣುಮಕ್ಕಳು. ಹಾನಗಲ್ಲು, ಸವಣೂರು ತಾಲ್ಲೂಕುಗಳಲ್ಲಿ ಹರಿದು ಗಳಗನಾಥದಲ್ಲಿ ತುಂಗಭದ್ರೆ ಸೇರುವ ವರದಾ ಹುಟ್ಟುವುದು ಸಾಗರದ ಹತ್ತಿರದ ವರದಾಮೂಲದಲ್ಲಿ, ಚಂದ್ರಗುತ್ತಿಯ ಸೀಮೆ ಹಾದು ಬನವಾಸಿಯನ್ನು ಬಳಸಿಕೊಂಡೇ ನಮ್ಮಲ್ಲಿಗೆ ಬರುವುದು. ಗುಡ್ಡ ಆರಿಸುವಾಗ ನಾನು ನೋಡುವ ಎರಡನೆಯ ಸಂಗತಿ ಇದು: ನೀರು ಯಾವ ಕಡೆ ಇಳಿಯುತ್ತದೆ? ನೀರು ಇಳಿದ ಕಡೆ ಮಳೆಗಾಲದಲ್ಲಿ ದಾರಿಯೇ ಹಳ್ಳವಾಗಿರುತ್ತದೆ. ದಾರಿ ತಪ್ಪಿದವರು ಹಳ್ಳ ಹಿಡಿದರೆ ಊರು ಸಿಗುತ್ತದೆ ಎಂಬ ಮಾತು ನಮ್ಮ ಬಯಲಿಗೆ ಸರಿ. ಘಟ್ಟದಲ್ಲಿ ಹಳ್ಳ ಹಿಡಿದವನಿಗೆ ಸಿಗುವುದು ಜಲಪಾತದ ತುದಿ.

ಸೊರಬ ದಾಟಿದ ಮೇಲೆ, ಮರಗಳ ತಲೆಯ ಮೇಲೆ ಬೋಳು ಹಣೆಯೊಂದು ಕಂಡಿತು. ಚಂದ್ರಗುತ್ತಿ. ಎಂಟುನೂರು ಮೀಟರಿಗೂ ಮೇಲೆ ಎಂದರೆ ಕೊಡಚಾದ್ರಿ ಹತ್ತಿದವರು ಮೂಗು ಮುರಿದಾರು. ಮುರಿಯಲಿ. ಊರಿನ ಬೆನ್ನಿಗೇ ಎದ್ದು ನಿಂತದ್ದರಿಂದ ಅದರ ಏರು ಚಿಕ್ಕದು, ಆದರೆ ಕಡಿದು. ಅರ್ಧ ದಿನದಲ್ಲಿ ಮುಗಿಯುವ, ಆದರೂ ಎದೆ ಬಡಿದುಕೊಳ್ಳುವಂಥ ದಾರಿ ಬೇಕೆಂದವರಿಗೆ ನಮ್ಮ ಕಡೆಯಿಂದ ಇದಕ್ಕಿಂತ ಹತ್ತಿರದ್ದು ನನಗೆ ಗೊತ್ತಿಲ್ಲ.

ಮೊದಲು ಸಿಗುವುದು ರೇಣುಕಾಂಬೆಯ ಗುಡಿ. ಗುಡಿ ಎನ್ನುವುದಕ್ಕಿಂತ ಬಂಡೆಯೇ ಬಾಯಿ ತೆರೆದು ದೇವಿಯನ್ನು ಒಳಗೆ ಇಟ್ಟುಕೊಂಡಿದೆ ಎನ್ನಬೇಕು, ಮುಂದೆ ಕಟ್ಟಡ ಆಮೇಲೆ ಸೇರಿಸಿದ್ದು. ಕೊಡಲಿ ಹಿಡಿದ ಮಗ ಪರಶುರಾಮನಿಂದ ತಪ್ಪಿಸಿಕೊಂಡು ಬಂದ ತಾಯಿ ಈ ಗವಿಯೊಳಗೆ ಅಡಗಿದಳು ಎಂಬುದು ಊರವರ ಕತೆ. ಬೆತ್ತಲೆ ಸೇವೆಯ ವಿವಾದದಿಂದ ನಾಡಿಗೆಲ್ಲ ಈ ಊರಿನ ಹೆಸರು ಮುಟ್ಟಿದ್ದು 1986ರಲ್ಲಿ. ತಡೆಯಲು ಬಂದವರ ಮೇಲೂ ಪೊಲೀಸರ ಮೇಲೂ ಜನ ತಿರುಗಿ ಬಿದ್ದರು, ಮುಂದೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಈಗ ಗುಡಿಯ ಮುಂದೆ ಕಾಯಿ, ಕುಂಕುಮ, ಹಸಿರು ಬಳೆ ಮಾರುವವರ ಸಾಲು. ನಾವೂ ಕಾಯಿ ಒಡೆಸಿಕೊಂಡೆವು. ಅರ್ಧ ಹೋಳು ಚೀಲಕ್ಕೆ ಹೋಯಿತು, ಗುಡ್ಡದ ತಲೆಯ ಮೇಲೆ ಅದಕ್ಕಿಂತ ಒಳ್ಳೆಯ ತಿನಿಸಿಲ್ಲ.

ಬಹಳ ಮಂದಿ ಇಲ್ಲಿಂದಲೇ ಹಿಂದಿರುಗುತ್ತಾರೆ. ಕೋಟೆಯ ದಾರಿ ಶುರುವಾಗುವುದು ಇದರ ಮೇಲೆ. ಕದಂಬರ ಕಾಲದಿಂದ ಕೆಳದಿಯವರವರೆಗೆ ಈ ಗುಡ್ಡವನ್ನು ಯಾರೂ ಚಂದಕ್ಕೆಂದು ಹತ್ತಲಿಲ್ಲ. ಹತ್ತಿದವರೆಲ್ಲ ಕಾಯುವುದಕ್ಕೆ, ಅಡಗುವುದಕ್ಕೆ. ಹಾಗಾಗಿಯೇ ದಾರಿಯನ್ನು ಬೇಕೆಂದೇ ಕಷ್ಟವಾಗಿ ಇಟ್ಟಿದ್ದಾರೆ. ಮೆಟ್ಟಿಲು ಒಂದರಂತೆ ಒಂದಿಲ್ಲ. ಒಂದು ಗೇಣು, ಮುಂದಿನದು ಮೊಣಕಾಲೆತ್ತರ, ಅದರ ಮುಂದಿನದು ಮೆಟ್ಟಿಲೇ ಅಲ್ಲ. ಬಾಗಿಲು ದಾಟಿದ ಕೂಡಲೇ ತಿರುವು, ತಿರುವಿನಲ್ಲಿ ಮೇಲಿನವನಿಗೆ ನೀವು ಕಾಣುತ್ತೀರಿ, ನಿಮಗೆ ಅವನು ಕಾಣುವುದಿಲ್ಲ. ಉಸಿರು ಹಿಡಿಯಲು ನಿಂತಾಗ ಗೋಡೆಯ ಕಲ್ಲಿನ ಮೇಲೆ ಕೈಯಿಟ್ಟೆ. ಗಾರೆ ಕಾಣದ ಕಲ್ಲು, ಸಂದಿಯಲ್ಲಿ ಅಂಗುಲದಷ್ಟು ಜರೀಗಿಡ, ಅದರ ಬೇರು ಹಿಡಿದ ಚಿಟಿಕೆ ಮಣ್ಣು ಇನ್ನೂ ತಣ್ಣಗಿತ್ತು. ಹತ್ತು ಗಂಟೆಯ ಬಿಸಿಲಿನಲ್ಲೂ.

ನನ್ನ ಜೊತೆಗಿದ್ದ ಅಕ್ಕನ ಮಗ ಹಂಸಭಾವಿಯ ಕಾಲೇಜಿನಲ್ಲಿ ಓದುತ್ತಾನೆ. ಹೊಸ ಶೂ, ಹೊಸ ಉತ್ಸಾಹ. "ಮಾಮಾ, ಇಷ್ಟೇ ಏನು?" ಎಂದು ಎರಡು ಸಲ ಕೇಳಿದ. ಮೂರನೆಯ ಸಲ ಕೇಳಲಿಲ್ಲ, ಉಸಿರು ಬಿಡಲಿಲ್ಲ.

ತುದಿಯ ಬಂಡೆಯ ಮೇಲೆ ಗಾಳಿ ಅಂಗಿಯನ್ನು ಬೆನ್ನಿಗೆ ಅಂಟಿಸಿತು. ಕೆಳಗೆ ಚೌಕ ಚೌಕ ಗದ್ದೆ, ನಡುವೆ ಅಡಿಕೆ ತೋಟದ ಕಪ್ಪು ತೇಪೆ, ಪಶ್ಚಿಮಕ್ಕೆ ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಘಟ್ಟದ ಸಾಲು. ಮೂಡಲ ದಿಕ್ಕಿಗೆ ನಮ್ಮ ಸೀಮೆ, ಬರೀ ಬೂದಿ ಬಣ್ಣ. ಬುತ್ತಿ ಬಿಚ್ಚಿದೆವು: ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ, ಗುಡಿಯ ಕಾಯಿಹೋಳು. ಪೇಟೆಯಲ್ಲಿ ಸಿಗುವ ಶಕ್ತಿಯ ಬಿಲ್ಲೆಗಳನ್ನು ನಾನು ಹೊತ್ತು ನೋಡಿದ್ದೇನೆ. ಖಡಕ್ ರೊಟ್ಟಿ ಅವೆಲ್ಲದರ ಅಜ್ಜ. ಹಳಸುವುದಿಲ್ಲ, ಹಗುರ, ಪುಡಿಯಾದರೂ ಚಟ್ನಿಗೆ ಬೇಕಾಗಿದ್ದು ಪುಡಿಯೇ.

ಹನ್ನೊಂದೂವರೆಗೆ ಎದ್ದೆವು. ಹುಡುಗನಿಗೆ ಇನ್ನೂ ಕೂರುವ ಮನಸ್ಸು. ಆದರೆ ಹತ್ತುವ ಮೊದಲೇ ಮರಳುವ ಹೊತ್ತು ಗೊತ್ತು ಮಾಡಿಕೊಂಡಿದ್ದೆ, ತುದಿ ಮುಟ್ಟಲಿ ಬಿಡಲಿ. ಸ್ವಾತಿ ಮುಗಿದ ಮೇಲೆ ಮಾಘದವರೆಗೆ ಆಕಾಶದ ಭಯ ಕಡಿಮೆ. ಅದೇ ಏಪ್ರಿಲ್, ಮೇ ತಿಂಗಳಾಗಿದ್ದರೆ ಮಧ್ಯಾಹ್ನದ ಮೋಡಕ್ಕೆ ಬೋಳು ಬಂಡೆಯ ಮೇಲೆ ನಿಂತವನೇ ಎತ್ತರದ ಮರ. ಹೊಲದಲ್ಲಿ ಸಿಡಿಲಿಗೆ ದನ ಕಳೆದುಕೊಂಡ ಊರವರಿಗೆ ಇದನ್ನು ವಿವರಿಸಬೇಕಿಲ್ಲ. ಆರಿದ್ರಾ, ಪುನರ್ವಸು ಮಳೆಯಲ್ಲಿ ಚಂದ ಹೆಚ್ಚು, ಇಂಬಳವೂ ಹೆಚ್ಚು. ಶಿವರಾತ್ರಿಯ ನಂತರ ಕರಡ ಒಣಗಿ ಕಾಡಿಗೆ ಬೆಂಕಿ ಬೀಳುವ ಕಾಲ, ಆಗ ಇಲಾಖೆಯವರೂ ಹಲವು ದಾರಿ ಮುಚ್ಚುತ್ತಾರೆ.

ಇನ್ನು ಇಳಿತ. ಗರಸು ಮಣ್ಣಿನ ಮೇಲೆ ಒಣ ಕರಡ ಬಿದ್ದಿರುವ ಕಡೆ ಕಾಲು ಇಡುವುದೆಂದರೆ ರಾಗಿ ಚೆಲ್ಲಿದ ನೆಲದ ಮೇಲೆ ನಡೆದಂತೆ. ಹಿಮ್ಮಡಿ ಮೊದಲು ಊರಿದರೆ ಜಾರಿದಿರಿ ಎಂದೇ ಅರ್ಥ. ಮೊಣಕಾಲು ತುಸು ಮಡಿಸಿ, ಪಾದವನ್ನು ಅಡ್ಡ ತಿರುಗಿಸಿ, ಇಡೀ ಅಂಗಾಲು ಒಟ್ಟಿಗೆ ನೆಲ ಮುಟ್ಟುವಂತೆ ಇಡಬೇಕು. ಬಡಿಗೆ ಮುಂದೆ, ಕಾಲು ಹಿಂದೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ಭಾರ ತಡೆಯುತ್ತ ಹಿಗ್ಗಬೇಕು, ಅದಕ್ಕೇ ನೋವು ಅಂದು ಬರದೆ ಮರುದಿನ, ಅದರ ಮರುದಿನ ಬರುತ್ತದೆ. ಹುಡುಗನ ಹೊಸ ಶೂ ಅರ್ಧ ದಾರಿಯಲ್ಲಿ ಬಣ್ಣ ತೋರಿಸಿತು. ಪ್ರತಿ ಹೆಜ್ಜೆಗೂ ಹೆಬ್ಬೆರಳು ಮುಂದೆ ಗುದ್ದಿ ಉಗುರಿನ ಕೆಳಗೆ ರಕ್ತ ಕಟ್ಟಿತ್ತು. ಹಿಂದಿನ ದಿನ ಉಗುರು ಕತ್ತರಿಸಿಕೊ ಎಂದಿದ್ದೆ. "ಉಗುರಿಗೂ ಗುಡ್ಡಕ್ಕೂ ಏನ್ ಸಂಬಂಧ ಮಾಮಾ" ಎಂದಿದ್ದ. ಈಗ ಶೂ ಬಿಚ್ಚಿ, ದಾರವನ್ನು ಕಣಕಾಲಿನ ಹತ್ತಿರ ಬಿಗಿಯಾಗಿ, ಮುಂದೆ ಸಡಿಲಾಗಿ ಕಟ್ಟಿಕೊಟ್ಟೆ. ಹತ್ತಿದ್ದಕ್ಕಿಂತ ಇಳಿಯಲು ಹತ್ತು ನಿಮಿಷ ಹೆಚ್ಚೇ ಹಿಡಿಯಿತು. ಲ್ಯಾಂಗ್‌ಮುಯಿರ್ ಸಾಹೇಬರು ಗೆದ್ದರು.

ಗುಡಿಯ ಕೆಳಗಿನ ಹೋಟೆಲಿನಲ್ಲಿ ಅವಲಕ್ಕಿ ತಿನ್ನುವಾಗ ಹುಡುಗ ಮುಂದಿನ ಗುಡ್ಡ ಯಾವುದು ಎಂದು ಕೇಳಿದ. ಮೊಬೈಲಿನಲ್ಲಿ ಕುಮಾರ ಪರ್ವತದ ಫೋಟೊ ತೆಗೆದೇ ಇಟ್ಟುಕೊಂಡಿದ್ದ. ಅಲ್ಲಿಗೆ ಈಗ ಸುಮ್ಮನೆ ಹೋಗುವ ಹಾಗಿಲ್ಲ. 2024ರ ಜನವರಿ ಕೊನೆಯ ರಜೆಯಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿ ದಾರಿಯೇ ಜಾತ್ರೆಯಾದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಹೆಸರು ಬರೆಸಿ, ಒಂದು ದಾರಿಗೆ ದಿನಕ್ಕೆ ಮುನ್ನೂರು ಜನ ಎಂಬ ಮಿತಿ ಹಾಕಿ ಮತ್ತೆ ಬಿಟ್ಟಿತು. ಕೆಲವರು ಗೊಣಗುತ್ತಾರೆ. ನನಗಂತೂ ಸರಿ ಎನಿಸಿದೆ. ಒಂದೇ ಆಳು ಹಿಡಿಸುವ ಕಾಲುದಾರಿಯಲ್ಲಿ ಹತ್ತುವವರೂ ಇಳಿಯುವವರೂ ಎದುರಾದರೆ ಅಂಚಿನ ಹುಲ್ಲು ತುಳಿತಕ್ಕೆ ಸಿಕ್ಕು, ಮುಂದಿನ ಮಳೆಗೆ ಆ ಜಾಗ ಕೊರಕಲಾಗುತ್ತದೆ.

"ಮೊದಲು ಮದಗ ಮಾಸೂರು" ಎಂದೆ. ಮುಖ ಸಣ್ಣದಾಯಿತು. ಮನೆ ಬಾಗಿಲಿನ ಜಾಗ, ಮಳೆಗಾಲದಲ್ಲಿ ಕೋಡಿ ಬಿದ್ದಾಗ ಬಂಡೆಗಳ ಮೇಲಿಂದ ಧುಮುಕುವ ನೀರಿಗೆ ಮೈಯೊಡ್ಡಲು ಹೋಗುವ ಜಾಗ, ಅಷ್ಟೇ ಅವನ ಲೆಕ್ಕ. ಆದರೆ ಕುಮುದ್ವತಿ ಹೊಳೆ ಎರಡು ಗುಡ್ಡಗಳ ನಡುವೆ ನುಸುಳುವ ಕಡೆಯನ್ನೇ ನೋಡಿ ಹಿಂದಿನವರು ಅಲ್ಲಿ ಏರಿ ಹಾಕಿದ್ದು. ವಾರಕ್ಕೆ ಎರಡು ಸಲ, ಬೆನ್ನಿಗೆ ಐದು ಲೀಟರ್ ನೀರು ಕಟ್ಟಿಕೊಂಡು, ಅಲ್ಲಿಯ ಗುಡ್ಡ ಹತ್ತಿ ಇಳಿ. ಎರಡು ತಿಂಗಳಾದ ಮೇಲೆ ಕುಮಾರ ಪರ್ವತದ ಮಾತು.

"ನೀರು ತುದಿಯಲ್ಲಿ ಚೆಲ್ಲಬಹುದಾ?"

"ಚೆಲ್ಲಬೇಡ, ಹೊತ್ತುಕೊಂಡೇ ಇಳಿ."

ಮೂರನೆಯ ದಿನ ಹಂಸಭಾವಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅಟ್ಟದಿಂದ ಹುಡುಗ ಇಳಿದು ಬರುತ್ತಿದ್ದ, ಗೋಡೆ ಹಿಡಿದು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು.


"ಏನಾತೋ ಇವಂಗ?" ಎಂದು ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು.